ಹೆನ್ರಿ ಇರ್ವಿನ್: ಮೈಸೂರು ಅರಮನೆಯ ಐರಿಶ್ ಆರ್ಕಿಟೆಕ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ನೆಂಟರು ಬಂದಾಗಲೆಲ್ಲ ಅವರಿಗೆ ಮೈಸೂರು ಅರಮನೆ ತೋರಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಬಂದವರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಒಮ್ಮೆ ಒಬ್ಬ ಗೈಡ್ "ಯಾರೋ ಬ್ರಿಟಿಷ್ ಇಂಜಿನಿಯರ್ ಕಟ್ಟಿದ್ದು" ಎಂದು ಹೇಳಿ ಮುಂದೆ ನಡೆದುಬಿಟ್ಟರು. ಆ "ಯಾರೋ" ಅನ್ನುವ ಮಾತು ನನಗೆ ತುಂಬಾ ಚುಚ್ಚಿತು. ಅಲ್ಲಿಂದ ಈಚೆಗೆ ಓದಿ, ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಹೆನ್ರಿ ಇರ್ವಿನ್ ಯಾರು?

ಮೈಸೂರಿನ ಈಗಿನ ಅರಮನೆಯ ವಿನ್ಯಾಸ ಮಾಡಿದವರು. 1841ರಲ್ಲಿ ಹುಟ್ಟಿದ ಐರಿಶ್ ಆರ್ಕಿಟೆಕ್ಟ್. ತಂದೆ ಚರ್ಚಿನ ಧರ್ಮಗುರು. ಇರ್ವಿನ್ ಯೌವನದಲ್ಲೇ ಭಾರತಕ್ಕೆ ಬಂದು ಲೋಕೋಪಯೋಗಿ ಇಲಾಖೆ ಸೇರಿದರು. ಮೊದಲು ಶಿಮ್ಲಾದಲ್ಲಿ ಹೆಸರು ಮಾಡಿದರು, ಆಮೇಲೆ ಮದ್ರಾಸ್ ಸರ್ಕಾರದ ಸಲಹಾ ಆರ್ಕಿಟೆಕ್ಟ್ ಆದರು, ಕೊನೆಗೆ ಮೈಸೂರಿನ ಕೆಲಸ ಕೈಗೆ ಬಂತು. ತೀರಿಕೊಂಡದ್ದು 1922ರಲ್ಲಿ. ಐರಿಶ್ ಮುಕ್ತ ರಾಜ್ಯ ಹುಟ್ಟಿದ್ದೂ ಅದೇ ವರ್ಷದ ಡಿಸೆಂಬರ್‌ನಲ್ಲಿ. ಹಾಗಾಗಿ ಅವರ ಬದುಕಿನ ಉದ್ದಕ್ಕೂ ಐರ್ಲೆಂಡ್ ಬ್ರಿಟನ್ನಿನ ಆಳ್ವಿಕೆಯಲ್ಲೇ ಇತ್ತು. ಅವರನ್ನು "ಬ್ರಿಟಿಷ್ ಆರ್ಕಿಟೆಕ್ಟ್" ಎಂದು ಬರೆಯುವ ಅಭ್ಯಾಸ ಬಂದಿರುವುದು ಅದರಿಂದಲೇ.

ವೈಸ್‌ರಾಯ್ ಲಾರ್ಡ್ ಇರ್ವಿನ್ ಮತ್ತು ಇವರು ಒಬ್ಬರೇನಾ?

ಅಲ್ಲ. ಗಾಂಧಿ-ಇರ್ವಿನ್ ಒಪ್ಪಂದದ ಇರ್ವಿನ್ 1926ರಿಂದ 1931ರವರೆಗೆ ವೈಸ್‌ರಾಯ್ ಆಗಿದ್ದವರು. ಅವರು ಬರುವ ಹೊತ್ತಿಗೆ ನಮ್ಮ ಇರ್ವಿನ್ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಇನ್ನೂ ಗೊಂದಲ ಆಗಲಿ ಅಂತಲೋ ಏನೋ, ಶಿಮ್ಲಾದಲ್ಲಿ ಹೆನ್ರಿ ಇರ್ವಿನ್ ಕಟ್ಟಿದ ಮನೆಯಲ್ಲೇ ಲಾರ್ಡ್ ಇರ್ವಿನ್ ಬೇಸಿಗೆ ಕಳೆದರು.

ಹಳೆಯ ಅರಮನೆಗೆ ಏನಾಯ್ತು?

ಸುಟ್ಟುಹೋಯಿತು. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡು ಒಳಗೆ ಹೋದರೆ ಇಡೀ ಅರಮನೆ ಬೇರೆ ಥರ ಕಾಣುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಒಡೆಯರಿಗೆ ರಾಜ್ಯ ವಾಪಸ್ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರ್ ಆಗ ಇನ್ನೂ ಮಗು. ಅವರಿಗಾಗಿ ಮೈಸೂರಿನಲ್ಲಿ ಅರಮನೆ ಕಟ್ಟಿದರು, 1803ರ ಹೊತ್ತಿಗೆ ಅದು ಎದ್ದು ನಿಂತಿತು. ಅದರಲ್ಲಿ ಮರವೇ ಜಾಸ್ತಿ. ಕೆತ್ತನೆಯ ಮರದ ಕಂಬ, ಮರದ ಸೂರು, ಮರದ ಬಾಗಿಲು. ನೋಡುವುದಕ್ಕೆ ಚೆಂದ, ಬೆಂಕಿಗೂ ಅಷ್ಟೇ ಇಷ್ಟ.

1897ರ ಫೆಬ್ರವರಿ ಕೊನೆಯಲ್ಲಿ ಅರಮನೆಯಲ್ಲಿ ಮದುವೆ. ಚಾಮರಾಜ ಒಡೆಯರ್ ಅವರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ, ವರ ಮುಂದೆ ಮೈಸೂರಿನ ದಿವಾನರಾದ ಕಾಂತರಾಜ ಅರಸ್. ಮದುವೆ ಸಡಗರದ ನಡುವೆಯೇ ಬೆಂಕಿ ಬಿತ್ತು. ಅರಮನೆಯ ಬಹುಪಾಲು ಬೂದಿಯಾಯಿತು. ಚಾಮರಾಜ ಒಡೆಯರ್ 1894ರ ಡಿಸೆಂಬರ್‌ನಲ್ಲೇ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜರಿಗೆ ಇನ್ನೂ ಹನ್ನೆರಡು ವರ್ಷ. ರಾಜ್ಯ ನೋಡಿಕೊಳ್ಳುತ್ತಿದ್ದವರು ತಾಯಿ ಕೆಂಪನಂಜಮ್ಮಣ್ಣಿ, ಅಂದರೆ ವಾಣಿ ವಿಲಾಸ ಸನ್ನಿಧಾನ.

ಗಂಡ ಹೋಗಿ ಎರಡೇ ವರ್ಷ. ಮಗಳ ಮದುವೆಯ ಹೊತ್ತಿನಲ್ಲೇ ಮನೆ ಹೋಯಿತು. ಅದೇ ವರ್ಷದ ಅಕ್ಟೋಬರ್‌ಗೆ ಹೊಸ ಅರಮನೆಯ ಕೆಲಸ ಶುರುವಾಗಿತ್ತು. ನಡುವೆ ಸಿಕ್ಕಿದ್ದು ಬರೀ ಎಂಟು ತಿಂಗಳು. ಆರ್ಕಿಟೆಕ್ಟ್ ಬಗ್ಗೆ ಮಾತಾಡುವಾಗ ಈ ತಾಯಿಯನ್ನು ಮರೆಯಬಾರದು. ಇರ್ವಿನ್ ಅವರಿಗೆ ಕೆಲಸ ಒಪ್ಪಿಸಿದ್ದು ಅವರ ಕಾಲದಲ್ಲೇ. ಕಟ್ಟುವ ಅಷ್ಟೂ ವರ್ಷ ರಾಜಮನೆತನ ಪಕ್ಕದ ಜಗನ್ಮೋಹನ ಅರಮನೆಯಲ್ಲಿ ಇತ್ತು. ನಾಲ್ವಡಿಯವರು 1902ರ ಆಗಸ್ಟ್‌ನಲ್ಲಿ ಅಧಿಕಾರ ವಹಿಸಿಕೊಂಡದ್ದೂ ಅಲ್ಲೇ.

ಬೆಂಕಿಯ ಭಯ ಹೊಸ ಅರಮನೆಯಲ್ಲಿ ಎಲ್ಲಿ ಕಾಣುತ್ತದೆ?

ಎಲ್ಲ ಕಡೆ ಕಾಣುತ್ತದೆ. ಚೆನ್ನಾಗಿ ಕಾಣುವುದು ಕಲ್ಯಾಣ ಮಂಟಪದಲ್ಲಿ.

ಮದುವೆಯ ಹೊತ್ತಿನಲ್ಲಿ ಸುಟ್ಟ ಅರಮನೆ ಅದು. ಹೊಸದಾಗಿ ಕಟ್ಟುವಾಗ ಮದುವೆ ಮಂಟಪವನ್ನೇ ಕಬ್ಬಿಣದಲ್ಲಿ ಕಟ್ಟಿದರು. ಇದು ಬೇಕಂತಲೇ ಮಾಡಿದ್ದೋ, ಹಾಗೆ ಕೂಡಿ ಬಂದದ್ದೋ, ಅಲ್ಲಿ ನಿಂತಾಗ ಮಾತ್ರ ನನಗೆ ಪ್ರತಿ ಸಲ ಅದೇ ನೆನಪಾಗುತ್ತದೆ.

ಎಂಟು ಮೂಲೆಯ ಹಜಾರ. ಸುತ್ತಲೂ ಸಪೂರ ಕಂಬಗಳು ಗೊಂಚಲು ಗೊಂಚಲಾಗಿ ನಿಂತಿವೆ. ನೀಲಿ-ಹಸಿರು ಬಣ್ಣ, ಅದರ ಮೇಲೆ ಚಿನ್ನದ ಗೆರೆ. ಮೊದಲ ಸಲ ನೋಡಿದವರು ಕಲ್ಲೋ ಮರವೋ ಅಂದುಕೊಳ್ಳುತ್ತಾರೆ. ಅದು ಎರಕದ ಕಬ್ಬಿಣ. ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನಲ್ಲಿ ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಸಾರಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದದ್ದು. ಕಲ್ಲಿನ ಕಂಬ ಇಷ್ಟು ಎತ್ತರ ಹೋಗಬೇಕಾದರೆ ದಪ್ಪ ಇರಲೇಬೇಕು. ಕಬ್ಬಿಣಕ್ಕೆ ಆ ಹಂಗಿಲ್ಲ. ಅದಕ್ಕೇ ಅಷ್ಟು ದೊಡ್ಡ ಹಜಾರದಲ್ಲಿ ಯಾವ ಮೂಲೆಯಲ್ಲಿ ನಿಂತರೂ ನಡುವಿನ ಜಾಗ ಮರೆಯಾಗುವುದಿಲ್ಲ. ಮದುವೆಗೆ ಬಂದ ನೆಂಟರಿಗೆ ಧಾರೆ ಕಾಣಬೇಕು, ಅಲ್ವಾ?

ತಲೆ ಎತ್ತಿದರೆ ಬಣ್ಣದ ಗಾಜಿನ ಸೂರು, ತುಂಬಾ ನವಿಲು. ಗಾಜನ್ನು ಹಿಡಿದಿರುವುದೂ ಕಬ್ಬಿಣವೇ. ಅದೂ ಗ್ಲಾಸ್ಗೋದಿಂದ ಬಂದದ್ದು. ಕೆಳಗೆ ಇಂಗ್ಲೆಂಡಿನ ಹೊಳಪಿನ ಟೈಲ್ಸ್. ಒಮ್ಮೆ ಬೆಳಗ್ಗೆ ಹತ್ತೂವರೆ ಹೊತ್ತಿಗೆ ಹೋಗಿದ್ದೆ, ಜನ ಕಡಿಮೆ ಇದ್ದರು. ಮೋಡ ಸರಿದ ಕೂಡಲೇ ಸೂರಿನ ಬಣ್ಣ ನೆಲಕ್ಕೆ ಇಳಿಯಿತು. ಟೈಲ್ಸ್ ಮೇಲೆ ಒಂದು ಹಸಿರು ಮಚ್ಚೆ ಕಾಣಿಸಿಕೊಂಡು ನಿಧಾನವಾಗಿ ಮಾಸಿತು. ನನ್ನ ಅಕ್ಕನ ಮಗಳು ಅದರ ಮೇಲೆ ಕಾಲಿಟ್ಟು, ಬಣ್ಣವಾದ ತನ್ನ ಪಾದವನ್ನೇ ನೋಡುತ್ತಾ ನಿಂತಳು.

ಹಾಗಂತ ಮರವನ್ನು ಪೂರ್ತಿ ಬಿಟ್ಟುಬಿಟ್ಟರು ಅಂತಲ್ಲ. ಅಂಬಾ ವಿಲಾಸ ಎಂಬ ಖಾಸಗಿ ದರ್ಬಾರ್ ಹಾಲಿನ ಕಡೆ ಕೆತ್ತನೆಯ ತೇಗದ ಕೆಲಸ ಇದೆ, ದಂತ ಕೂರಿಸಿದ ಬೀಟೆ ಬಾಗಿಲು ಇದೆ. ಕಟ್ಟಡದ ಭಾರ ಹೊರುವ ಕೆಲಸ ಮಾತ್ರ ಕಲ್ಲು, ಇಟ್ಟಿಗೆ, ಕಬ್ಬಿಣದ್ದು. ಮರ ಉಳಿದದ್ದು ಅಲಂಕಾರಕ್ಕೆ.

ಈ ಶೈಲಿಗೆ ಏನಂತಾರೆ?

ಇಂಡೋ-ಸಾರಸೆನಿಕ್. ಹಿಂದೂ, ಮೊಘಲ್, ರಜಪೂತ ಕಟ್ಟಡಗಳ ಅಂಗಗಳನ್ನು ಆರಿಸಿ, ಯುರೋಪಿನ ಇಂಜಿನಿಯರಿಂಗ್ ಮತ್ತು ಗಾಥಿಕ್ ಅಂಶಗಳ ಜೊತೆ ಸೇರಿಸಿ ಕಟ್ಟುವ ರೀತಿ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಇದು ಭಾರತದ ಉದ್ದಗಲಕ್ಕೂ ಹಬ್ಬಿತ್ತು. ಮದ್ರಾಸಿನಲ್ಲಿ ಇದಕ್ಕೆ ಬೇರು ಕೊಟ್ಟವರು ಆರ್ಕಿಟೆಕ್ಟ್ ರಾಬರ್ಟ್ ಚಿಶಮ್. ಇರ್ವಿನ್ ಅಲ್ಲಿಗೆ ಬಂದದ್ದು ಚಿಶಮ್ ನಂತರ.

ಇದನ್ನು ಕಲಸುಮೇಲೋಗರ ಎಂದು ಬೈಯುವವರೂ ಇದ್ದಾರೆ. ಆಳುವವರು ನಮ್ಮ ಗುಮ್ಮಟ, ನಮ್ಮ ಕಮಾನು ತೆಗೆದುಕೊಂಡು ತಮ್ಮ ಆಫೀಸುಗಳಿಗೆ ತೊಡಿಸಿದರು ಎಂಬ ದೂರು ಹಳೆಯದು. ಕೋರ್ಟು, ಬ್ಯಾಂಕುಗಳ ವಿಷಯದಲ್ಲಿ ಆ ಮಾತಿಗೆ ತೂಕ ಇದೆ. ಮೈಸೂರಿನ ವಿಷಯ ಬೇರೆ ಅನ್ನಿಸುತ್ತದೆ ನನಗೆ. ಇಲ್ಲಿ ಕಟ್ಟಿಸಿದವರು ನಮ್ಮವರು, ಬಾಳಿದವರು ನಮ್ಮವರು. ಬೂದು ಬಣ್ಣದ ಕಲ್ಲಿನ ಮೂರು ಅಂತಸ್ತು, ಮೇಲೆ ಕೆಂಪು ಗುಲಾಬಿ ಗುಮ್ಮಟಗಳು, ನಡುವೆ ಸುಮಾರು 145 ಅಡಿ ಎತ್ತರಕ್ಕೆ ಹೋಗುವ ಗೋಪುರ, ಅದರ ತುದಿಗೆ ಚಿನ್ನದ ಗುಮ್ಮಟ. ನಡುವಿನ ಕಮಾನಿನ ಮೇಲೆ ನೋಡಿ, ಗಜಲಕ್ಷ್ಮಿ ಕೂತಿದ್ದಾಳೆ. ಎರಡೂ ಕಡೆ ಆನೆ. ಕಮಾನು ಎಲ್ಲಿಯದೇ ಆಗಲಿ, ಮನೆ ಬಾಗಿಲಿಗೆ ಲಕ್ಷ್ಮಿ ಬೇಕು ಎನ್ನುವುದು ನಮ್ಮ ಲೆಕ್ಕ.

ಒಳಗಿನ ತೊಟ್ಟಿಗಳು, ಹಜಾರಗಳು ಎಲ್ಲ ಇರ್ವಿನ್ ಅವರ ಕಲ್ಪನೆಯೇ?

ಖಂಡಿತ ಅಲ್ಲ. ಗೊಂಬೆ ತೊಟ್ಟಿ, ಕರಿಕಲ್ಲು ತೊಟ್ಟಿ, ಆನೆ ಬಾಗಿಲು. ಈ ಹೆಸರುಗಳನ್ನೇ ಬಾಯಲ್ಲಿ ಹೇಳಿ ನೋಡಿ. ನಮ್ಮ ಕಡೆಯ ತೊಟ್ಟಿ ಮನೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ನಡುವೆ ಬಯಲು, ಸುತ್ತ ಜಗಲಿ, ಜಗಲಿಯ ಹಿಂದೆ ಕೋಣೆಗಳು. ಅರಮನೆ ಅಂದರೆ ಅಂಥ ತೊಟ್ಟಿಗಳನ್ನು ಒಂದಕ್ಕೊಂದು ಜೋಡಿಸಿದ ದೊಡ್ಡ ಮನೆ. ಸೆಜ್ಜೆ, ಅಂಬಾ ವಿಲಾಸ ಅನ್ನುವ ಹಜಾರಗಳ ಹೆಸರುಗಳು ಸುಟ್ಟುಹೋದ ಅರಮನೆಯಲ್ಲೂ ಇದ್ದವು, ಹೊಸದಕ್ಕೂ ಬಂದವು. ದಸರೆಗೆ ಸಿಂಹಾಸನ ಎಲ್ಲಿ ಜೋಡಿಸಬೇಕು, ಗೊಂಬೆ ಎಲ್ಲಿ ಕೂರಿಸಬೇಕು, ಹೆಂಗಸರು ಎಲ್ಲಿಂದ ನೋಡಬೇಕು. ಇದೆಲ್ಲ ಐರ್ಲೆಂಡ್‌ನಿಂದ ಬಂದವರಿಗೆ ಅರಮನೆಯವರು ಹೇಳದೆ ಗೊತ್ತಾಗುವ ವಿಷಯವೇ ಅಲ್ಲ.

ನನಗೆ ಇರ್ವಿನ್ ಇಷ್ಟವಾಗುವುದು ಈ ಕಾರಣಕ್ಕೇ. ಹೊರಗಿನ ರೂಪದಲ್ಲಿ ತಮ್ಮ ಕೈಚಳಕ ತೋರಿಸಿದರು. ಒಳಗಿನ ಬದುಕಿನ ಕ್ರಮವನ್ನು ಮುಟ್ಟಲಿಲ್ಲ.

ಕಟ್ಟಿದ್ದು ಇರ್ವಿನ್ ಒಬ್ಬರೇನಾ?

ಈ ಪ್ರಶ್ನೆಯನ್ನು ಇನ್ನೂ ಜಾಸ್ತಿ ಜನ ಕೇಳಬೇಕು. ಅರಮನೆ ವಿಭಾಗದ ಕಾರ್ಯನಿರ್ವಾಹಕ ಇಂಜಿನಿಯರ್ ಆಗಿ ನಿಂತು ಕಟ್ಟಿಸಿದವರು ಬಿ.ಪಿ. ರಾಘವುಲು ನಾಯ್ಡು. ಅವರು ದೆಹಲಿ, ಮದ್ರಾಸ್, ಕಲ್ಕತ್ತೆಗೆಲ್ಲ ಹೋಗಿ ಅಲ್ಲಿಯ ಕಟ್ಟಡಗಳನ್ನು ಅಭ್ಯಾಸ ಮಾಡಿ ಬಂದಿದ್ದರು. ಅಲ್ಲಿ ಕಲಿತದ್ದೆಲ್ಲ ಈ ಅರಮನೆಗೆ ಬಳಕೆಯಾಯಿತು. ಹದಿನೈದು ವರ್ಷದ ಕೆಲಸ ಅದು. ನಕ್ಷೆ ಹಾಕುವುದು ಒಂದು ಪಾಲು. ದಿನಾ ಬೆಳಗ್ಗೆ ಬಂದು ಕಲ್ಲು ಕೂತಿತಾ, ಗಾರೆ ಹಿಡಿಯಿತಾ, ಗ್ಲಾಸ್ಗೋದಿಂದ ಬಂದ ಕಂಬ ಅಳತೆಗೆ ಸರಿಯಾಯಿತಾ ಎಂದು ನೋಡುವುದು ಇನ್ನೊಂದು ಪಾಲು. ಆ ಎರಡನೆಯದಕ್ಕೆ ನಮ್ಮಲ್ಲಿ ಹೆಸರೇ ಉಳಿಯುವುದಿಲ್ಲ. ಇಲ್ಲಿ ನಾಯ್ಡು ಅವರ ಹೆಸರಾದರೂ ಉಳಿದಿದೆ. ಕಲ್ಲು ಕಡಿದವರು, ಬಾಗಿಲು ಕೆತ್ತಿದವರು, ದಂತ ಕೂರಿಸಿದವರು ಯಾರು ಎಂದು ಕೇಳಿದರೆ ನಾನು ಸುಮ್ನೆ ಆ ಬಾಗಿಲನ್ನೇ ತೋರಿಸುತ್ತೇನೆ.

ಕಲ್ಯಾಣ ಮಂಟಪದ ಗೋಡೆಯ ಮೇಲಿರುವ ಜಂಬೂ ಸವಾರಿ ಚಿತ್ರಗಳು ಆಮೇಲಿನವು. 1934ರಿಂದ 1945ರ ನಡುವೆ ಮೈಸೂರಿನ ಕಲಾವಿದರು ಬರೆದದ್ದು. ಒಟ್ಟು 26. ಫೋಟೋಗಳನ್ನು ನೋಡಿ ಬರೆದದ್ದರಿಂದ ಮೆರವಣಿಗೆಯಲ್ಲಿರುವ ಮುಖಗಳು ನಿಜವಾದ ಮನುಷ್ಯರ ಮುಖಗಳು. ಒಂದೊಂದರ ಮುಂದೆ ಎರಡು ನಿಮಿಷವಾದರೂ ನಿಲ್ಲಿ.

ಎಷ್ಟು ಖರ್ಚಾಯಿತು? ಆ ಕಾಲಕ್ಕೆ ಅದು ಸರಿಯೇ?

41,47,913 ರೂಪಾಯಿ. ಕೆಲಸ ಮುಗಿದದ್ದು 1912ರಲ್ಲಿ.

ಸರಿಯೇ ಎನ್ನುವುದು ಕಷ್ಟದ ಪ್ರಶ್ನೆ. ಕೆಲಸ ಶುರುವಾದ ಮರುವರ್ಷವೇ, 1898ರಲ್ಲಿ, ಬೆಂಗಳೂರು ಮತ್ತು ಮೈಸೂರಿಗೆ ಪ್ಲೇಗ್ ಬಂತು. ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡ ದಿನಗಳು. ಅಂಥ ಹೊತ್ತಿನಲ್ಲಿ ಅರಮನೆ ಏಳುತ್ತಿತ್ತು. ಇದನ್ನು ಮುಚ್ಚಿಟ್ಟು ಬರೀ ವೈಭವ ಹೇಳುವುದು ನನಗೆ ಒಗ್ಗುವುದಿಲ್ಲ. ಅದೇ ವರ್ಷಗಳಲ್ಲಿ ಅದೇ ಆಡಳಿತ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿತು ಎನ್ನುವುದನ್ನೂ ಜೊತೆಗೇ ಹೇಳಬೇಕು. ಎರಡನ್ನೂ ಕೇಳಿಸಿಕೊಂಡು ನೀವೇ ತೀರ್ಮಾನಿಸಿ.

ನಾವು ಈಗ ನೋಡುವ ಮುಂಭಾಗ ಇರ್ವಿನ್ ಮಾಡಿದ ಹಾಗೇ ಇದೆಯಾ?

ಪೂರ್ತಿ ಹಾಗೇ ಇಲ್ಲ. ಸುಮಾರು 1940ರ ಹೊತ್ತಿಗೆ ಮುಂದಿನ ದರ್ಬಾರ್ ಹಾಲಿನ ಭಾಗವನ್ನು ಹಿಗ್ಗಿಸಿದರು. ಜನ ಬಯಲಿನಲ್ಲಿ ನಿಂತು ನೋಡುವ ಸಾಲು ಕಮಾನುಗಳ ಕಡೆ ಅದು. ಹಳೆಯ ಫೋಟೋ ಸಿಕ್ಕಿದರೆ ಪಕ್ಕದಲ್ಲಿ ಇಟ್ಟು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಶಿಮ್ಲಾದಲ್ಲಿ ಅವರು ಏನು ಕಟ್ಟಿದರು?

ವೈಸ್‌ರಾಯ್‌ಗಳ ಬೇಸಿಗೆ ಮನೆ, ಅಬ್ಸರ್ವೇಟರಿ ಹಿಲ್ ಮೇಲೆ. ವೈಸ್‌ರಾಯ್ ಲಾರ್ಡ್ ಡಫರಿನ್ 1888ರ ಜುಲೈನಲ್ಲಿ ಒಕ್ಕಲು ಬಂದರು. ಡಫರಿನ್ ಕೂಡ ಐರ್ಲೆಂಡ್‌ನ ಉತ್ತರ ಭಾಗದ ಜಮೀನ್ದಾರರು. ಕಟ್ಟುವಾಗ ಆಗಾಗ ಬಂದು ನೋಡಿ, ಅದು ಹೀಗಿರಲಿ ಇದು ಹಾಗಿರಲಿ ಎಂದು ಹೇಳುತ್ತಿದ್ದವರು. ಮನೆ ಕಟ್ಟಿಸಿದವರಿಗೆಲ್ಲ ಅಂಥ ಯಜಮಾನರ ಪರಿಚಯ ಇರುತ್ತದೆ!

ಆ ಕಟ್ಟಡ ನೋಡಿದರೆ ಮೈಸೂರು ಅರಮನೆ ಕಟ್ಟಿದ ಕೈ ಇದೇ ಎಂದು ನಂಬುವುದು ಕಷ್ಟ. ಗುಮ್ಮಟ ಇಲ್ಲ, ಸೂರಿನ ಮೇಲೆ ಛತ್ರಿಯಂಥ ಸಣ್ಣ ಮಂಟಪಗಳಿಲ್ಲ. ಬೂದು ಕಲ್ಲಿನ, ಹಳೆಯ ಇಂಗ್ಲಿಷ್ ಬಂಗಲೆಯ ಥರದ ದೊಡ್ಡ ಮನೆ. ಒಳಗೆ ತೇಗ, ದೇವದಾರು, ಅಕ್ರೋಟ್ ಮರದ ಹಲಗೆ. ವಿದ್ಯುತ್ ದೀಪ ಮೊದಲಿನಿಂದಲೇ ಇತ್ತು. 1888ರಲ್ಲೇ ಇರ್ವಿನ್ ಅವರಿಗೆ ಬ್ರಿಟಿಷ್ ಸರ್ಕಾರದ ಸಿ.ಐ.ಇ. ಎಂಬ ಬಿರುದು ಬಂತು. ಶಿಮ್ಲಾದ ಗೇಯ್ಟಿ ಥಿಯೇಟರ್ ಕೂಡ ಅವರದೇ.

ಸ್ವಾತಂತ್ರ್ಯದ ನಂತರ ಆ ಮನೆ ರಾಷ್ಟ್ರಪತಿ ನಿವಾಸವಾಯಿತು. ಅದನ್ನು ಓದುವವರಿಗೆ ಬಿಟ್ಟುಕೊಟ್ಟವರು ರಾಧಾಕೃಷ್ಣನ್. 1965ರಿಂದ ಅಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡಿ ಇದೆ. ರಾಧಾಕೃಷ್ಣನ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರು. ಇರ್ವಿನ್ ಅವರ ಮೈಸೂರಿನ ಕಟ್ಟಡವನ್ನು ಮೂರು ವರ್ಷ ಎದುರಿಗೆ ಕಂಡವರು ಅವರ ಶಿಮ್ಲಾದ ಕಟ್ಟಡದ ದಿಕ್ಕು ಬದಲಿಸಿದರು ಅನ್ನುವುದು ನನಗೆ ತುಂಬಾ ಖುಷಿ ಕೊಡುತ್ತದೆ.

ಚೆನ್ನೈಗೆ ಹೋದರೆ ಏನು ನೋಡಬೇಕು?

ಮೊದಲು ಹೈಕೋರ್ಟ್. ಮೂಲ ನಕ್ಷೆ ಬ್ರಾಸಿಂಗ್‌ಟನ್ ಎಂಬವರದು, ಅದನ್ನು ಬದಲಿಸಿ ಕಟ್ಟಿಸಿದವರು ಇರ್ವಿನ್. 1892ರಲ್ಲಿ ತೆರೆಯಿತು. ಗುತ್ತಿಗೆ ನಂಬೆರುಮಾಳ್ ಚೆಟ್ಟಿಯವರದು. ಕೆಂಪು ಕಟ್ಟಡ, ಗುಮ್ಮಟಗಳ ಕಾಡು. ಅದರ ಎತ್ತರದ ಗೋಪುರವೇ 1894ರಿಂದ 1977ರವರೆಗೆ ಊರಿನ ದೀಪಸ್ತಂಭ. ಕೋರ್ಟಿನ ನೆತ್ತಿಯ ಮೇಲೆ ಹಡಗುಗಳಿಗೆ ದಾರಿದೀಪ! 1914ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಎಂಡೆನ್ ಹಡಗು ಮದ್ರಾಸಿನ ಮೇಲೆ ಗುಂಡು ಹಾರಿಸಿದಾಗ ಒಂದು ಶೆಲ್ ಈ ಆವರಣದ ಗೋಡೆಗೂ ಬಡಿದಿತ್ತು.

ಆಮೇಲೆ ಎಗ್ಮೋರ್ ಕಡೆ ಬನ್ನಿ. 1896ರಲ್ಲಿ ತೆರೆದ ಕನ್ನಿಮೆರಾ ಲೈಬ್ರರಿಯ ಹಳೆಯ ಹಜಾರದಲ್ಲಿ ತೇಗದ ಕಪಾಟುಗಳ ಮೇಲೆ ಬಣ್ಣದ ಗಾಜಿನ ಬೆಳಕು ಬೀಳುತ್ತದೆ. ಮೈಸೂರು ಕಲ್ಯಾಣ ಮಂಟಪದ ಬೀಜ ಇಲ್ಲೇ ಇತ್ತೇನೋ ಅನ್ನಿಸುತ್ತದೆ. ಈ ಲೈಬ್ರರಿಗೆ ಕಾನೂನಿನ ಪ್ರಕಾರ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿ ಹೋಗಬೇಕು, ಕನ್ನಡ ಪುಸ್ತಕಗಳದ್ದೂ ಸೇರಿ. ಪಕ್ಕದಲ್ಲೇ ಕೆಂಪು ಕಲ್ಲಿನ ವಿಕ್ಟೋರಿಯಾ ಮೆಮೋರಿಯಲ್ ಹಾಲ್ ಇದೆ, ಫತೇಪುರ್ ಸಿಕ್ರಿಯ ನೆನಪು ತರುವಂಥದ್ದು. 1908ರಲ್ಲಿ ತೆರೆದ ಎಗ್ಮೋರ್ ರೈಲ್ವೆ ಸ್ಟೇಷನ್ ಕೂಡ ಅವರ ವಿನ್ಯಾಸ. ಅದನ್ನು ಕಟ್ಟಿದ ಗುತ್ತಿಗೆದಾರ ಬೆಂಗಳೂರಿನ ಸಾಮಿನಾಥ ಪಿಳ್ಳೈ.

ಬೆಂಗಳೂರಿನ ಅಠಾರ ಕಚೇರಿ, ಮೈಸೂರಿನ ಲಲಿತ ಮಹಲ್ ಕೂಡ ಇವರದ್ದೇ?

ಎರಡೂ ಅಲ್ಲ. ಲಲಿತ ಮಹಲ್ 1921ರಲ್ಲಿ ಶುರುವಾದದ್ದು, ವಿನ್ಯಾಸ ಇ.ಡಬ್ಲ್ಯು. ಫ್ರಿಚ್ಲಿ ಅವರದು. ಅಠಾರ ಕಚೇರಿ ಇರ್ವಿನ್‌ಗಿಂತ ಮೊದಲಿನದು, 1868ರ ಹೊತ್ತಿಗೆ ಮುಗಿದದ್ದು. ಅದು ರಿಚರ್ಡ್ ಸ್ಯಾಂಕಿ ಕಾಲದ್ದು. ಸ್ಯಾಂಕಿ ಕೆರೆಯ ಸ್ಯಾಂಕಿ. ಅವರೂ ಐರ್ಲೆಂಡ್‌ನವರೇ, ಟಿಪ್ಪರೇರಿಯಲ್ಲಿ ಹುಟ್ಟಿದವರು. ಕಬ್ಬನ್ ಪಾರ್ಕ್ ರೂಪಿಸಿ, ಕೆರೆ ಕಟ್ಟಿಸಿ, ಕೊನೆಗೆ ಐರ್ಲೆಂಡ್‌ಗೇ ಹೋಗಿ ಅಲ್ಲಿಯ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರಾದರು.

ಅರಮನೆ ನೋಡಲು ಒಳ್ಳೆಯ ಹೊತ್ತು ಯಾವುದು?

ಭಾನುವಾರ, ರಜೆ ದಿನ ಮತ್ತು ದಸರೆಯ ಸಂಜೆ ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ. ಅದನ್ನು ನೋಡಿ ಸಂತೋಷಪಡದವರನ್ನು ನಾನು ಕಂಡಿಲ್ಲ. ಆದರೆ ಆಗ ಕಾಣುವುದು ಅರಮನೆಯ ಅಂಚು ಮಾತ್ರ. ಇರ್ವಿನ್ ಅವರನ್ನು ನೋಡಬೇಕಾದರೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಬನ್ನಿ. ಚಪ್ಪಲಿ ಹೊರಗೆ ಬಿಟ್ಟಿರುತ್ತೀರಿ, ಟೈಲ್ಸ್‌ನ ತಣ್ಣನೆ ಅಂಗಾಲಿಗೆ ಹತ್ತುತ್ತದೆ. ಕಲ್ಯಾಣ ಮಂಟಪದಲ್ಲಿ ಗುಂಪು ಮುಂದೆ ಹೋಗಲು ಬಿಡಿ. ಕಂಬದ ಬುಡದಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ನೋಡುತ್ತಾ ಹೋಗಿ, ಕಬ್ಬಿಣ ಎಲ್ಲಿ ಮುಗಿದು ನವಿಲು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿ.